ಎಲೆ ಮತ್ತು ಹಕ್ಕಳೆ

ನವೆಂಬರ್ ಒಂದನೇ ತಾರೀಖು, ಸತ್ತವರನ್ನು ನೆನೆಯುವ ದಿನ, ಭೂಮಿಯ ದಕ್ಷಿಣ ತುದಿಯ ನಮ್ಮ ಪುಂತಾ ಅರೇನಾಸ್‌ನಲ್ಲಿ ಊರಿಗೆ ಊರೇ ಹೂವು ಹಿಡಿದು ಸ್ಮಶಾನಕ್ಕೆ ಹೊರಡುತ್ತದೆ. ಎದೆಲ್ಮಿರಾ ಮಾತ್ರ ನನ್ನ ಕಪಾಟಿನ ಮುಂದೆ ಬಂದು ಕೂರುತ್ತಾಳೆ. ಅವಳ ಗಂಡ ಲಿಸಾಂದ್ರೊನಿಗೆ ಗೋರಿಯಿಲ್ಲ. ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಮುಳುಗುಗಾರನಾಗಿದ್ದ ಅವನು ಅಂಟಾರ್ಕ್ಟಿಕದ ಕುರುಡು ಕೊಲ್ಲಿಯಲ್ಲಿ ನೀರಿಗಿಳಿದವನು ಮತ್ತೆ ಮೇಲೆ ಬರಲಿಲ್ಲ. ಹಿಮದ ಗಡ್ಡೆಗಳು ಒತ್ತರಿಸಿಕೊಂಡು ಬಂದು ಅವನ ಹಗ್ಗ ಕತ್ತರಿಸಿಹೋಯಿತು. ಮೈ ಕೂಡ ಸಿಗಲಿಲ್ಲ. ಸಿಕ್ಕಿದ್ದು ಒಂದು ಕೆಂಪು ಕಡಲಪಾಚಿಯ ಎಲೆ. ಅದೇ ಬೆಳಿಗ್ಗೆ ಮೊದಲ ಸಲ ಮುಳುಗಿದಾಗ ಅವನು ಅದನ್ನು ತಂದು ದೋಣಿಯಲ್ಲಿದ್ದ ನನ್ನ ಕೈಗೆ ಕೊಟ್ಟಿದ್ದ. ಎಲೆಯ ಬುಡದಲ್ಲಿ ಅವನು ಉಳಿಯಿಂದ ಕೆತ್ತಿ ತೆಗೆದ ಕಲ್ಲಿನ ಚಕ್ಕೆಯೂ ಇತ್ತು.

"ತಾಳಿ ಪ್ರೊಫೆಸರೇ, ಕೆಳಗೆ ಇದರ ಮನೆಮಂದಿಯೆಲ್ಲ ಇದಾರೆ, ಕರ್ಕೊಂಡು ಬರ್ತೀನಿ," ಎಂದು ನಗುತ್ತ ಮತ್ತೆ ಮುಳುಗಿದ. ಅವನು ಆಡಿದ ಕೊನೆಯ ಮಾತು ಅದೇ.

ಆ ಎಲೆಯನ್ನು ಅಲ್ಲಿಯವರೆಗೆ ಯಾರೂ ವರ್ಣಿಸಿರಲಿಲ್ಲ. ಹೊಸ ಜಾತಿ. ಹೆಸರಿಡುವ ಸರದಿ ನನ್ನದಾಯಿತು. ಅದರ ಲ್ಯಾಟಿನ್ ಹೆಸರಿನ ಕೊನೆಗೆ 'ಲಿಸಾಂದ್ರಿ' ಎಂದು ಬರೆದೆ, ಅಂದರೆ ಲಿಸಾಂದ್ರೊನದು ಎಂದು. ಎಲೆಯನ್ನು ಅಂಟಿಸಿದ ಹಾಳೆ, ಒಂದು ಕಾಗದದ ಪೊಟ್ಟಣದಲ್ಲಿ ಆ ಕಲ್ಲಿನ ಚಕ್ಕೆ, ಇವೆರಡೂ ಕೆಂಪಂಚಿನ ರಟ್ಟಿನೊಳಗೆ ನಮ್ಮ ಪಾಚಿ ಭಂಡಾರದಲ್ಲಿವೆ. ಎದೆಲ್ಮಿರಾಳ ಪಾಲಿಗೆ ಅದೇ ಗೋರಿ.

ಅವಳು ಮಾರುಕಟ್ಟೆಯಲ್ಲಿ ಮೀನು, ಮರುವಾಯಿ ಚಿಪ್ಪು, ಒಣಗಿಸಿದ ಲೂಚೆ ಪಾಚಿಯ ಬಿಲ್ಲೆ ಮಾರುವವಳು. ಪ್ರತಿ ವರ್ಷ ಆ ದಿನ ಒಳ್ಳೆಯ ಕೋಟು ಹಾಕಿಕೊಂಡು ಬರುತ್ತಾಳೆ. ನಾನು ರಟ್ಟು ಬಿಚ್ಚುತ್ತೇನೆ. ಅವಳು ಗಂಡನನ್ನು ಬೈಯುತ್ತಾಳೆ. "ಆರಾಮಾಗಿ ಮಲ್ಕೊಂಡಿದೀಯಲ್ಲ, ಇಲ್ಲಿ ಛಾವಣಿ ಸೋರಿ ಸೋರಿ ಹಾಸಿಗೆ ಎಲ್ಲ ನೆಂದುಹೋಗಿದೆ." ಆಮೇಲೆ ನಾವಿಬ್ಬರೂ ಒಂದೇ ಸೋರೆಬುರುಡೆಯಿಂದ ಸರದಿಯಲ್ಲಿ ಮಾಟೆ ಕಷಾಯ ಹೀರುತ್ತೇವೆ. ಹೊರಡುವಾಗ ಹಾಳೆಯ ಮೂಲೆಯಲ್ಲಿರುವ ಹೆಸರಿನ ಚೀಟಿಯ ಮೇಲೆ ಎರಡು ಬೆರಳಿಟ್ಟು ಹೋಗುತ್ತಾಳೆ. ಮೂವತ್ತು ವರ್ಷದ ಹತ್ತಿರ ಆಯಿತು, ಒಂದು ಸಲವೂ ತಪ್ಪಿಸಿಲ್ಲ.

ನಾನು ನೆವೆಂಕಾ. ಆ ಭಂಡಾರದ ಕೀಲಿಕೈ ನನ್ನ ಹತ್ತಿರ ಇದೆ, ಮುಂಗೋಪಿ ಎಂಬ ಬಿರುದು ಕೂಡ ನನ್ನ ಹತ್ತಿರವೇ ಇದೆ. ಕ್ಷೌರದ ಬ್ಲೇಡು, ಸೂಕ್ಷ್ಮದರ್ಶಕ, ಒಂದು ಶೀಶೆ ನೀಲಿ ಬಣ್ಣ ಇವಿಷ್ಟರಲ್ಲಿ ಆಯುಷ್ಯ ಕಳೆದವಳು. ಪಾಚಿಯನ್ನು ಕೂದಲೆಳೆಯಷ್ಟು ತೆಳುವಾಗಿ ಸೀಳಿ, ಅದರ ಜೀವಕೋಶಗಳು ಹೇಗೆ ಕೂತಿವೆ ಎಂದು ನೋಡಿ, ಇದು ಈ ವಂಶದ್ದು, ಅದು ಆ ವಂಶದ್ದು ಎಂದು ಹೇಳುವುದು ನನ್ನ ಕಸುಬು. ಎಲ್ಲವನ್ನೂ ಅರೆದು ಕೊಳವೆಗೆ ಹಾಕಿ ಡಿಎನ್‌ಎ ಓದುವವರು ಬಂದ ಮೇಲೆ ನಮ್ಮಂಥವರನ್ನು ಹಳೇ ಕಾಲದವರು ಅನ್ನುತ್ತಾರೆ. ಅನ್ನಲಿ.

ಹಾಗೆ ಓದುವವಳೊಬ್ಬಳು ನನ್ನ ಕೋಣೆಗೇ ಬಂದು ಕೂತಳು. ಲಿಸಾಂದ್ರೊನ ಮಗಳು ರಾಯೆನ್. ಅಪ್ಪ ಹೋದಾಗ ಅವಳಿನ್ನೂ ಎದೆಹಾಲು ಕುಡಿಯುವ ಕೂಸು. ಬೇಡ ಬೇಡ ಅಂದರೂ ಮುಳುಗುವುದನ್ನು ಕಲಿತಳು, ವಾಲ್ದಿವಿಯಾಕ್ಕೆ ಹೋಗಿ ಜೀನ್‌ಗಳ ಓದು ಮುಗಿಸಿದಳು, ತಿರುಗಿ ಬಂದು ನಮ್ಮಲ್ಲೇ ಕೆಲಸಕ್ಕೆ ಸೇರಿದಳು. ನನ್ನನ್ನು ತೀಯಾ ಅನ್ನುತ್ತಾಳೆ. ಅಮ್ಮನ ಗೆಳತಿಯರೆಲ್ಲ ನಮ್ಮಲ್ಲಿ ತೀಯಾಗಳೇ, ಚಿಕ್ಕಮ್ಮ ಇದ್ದ ಹಾಗೆ.

ಒಂದು ದಿನ ಅವಳು ಚಿಮಟ, ಕತ್ತರಿ ಹಿಡಿದುಕೊಂಡು ಬಂದಳು.

"ತೀಯಾ, ಅಪ್ಪನ ಎಲೆಯಿಂದ ಒಂಚೂರು ಬೇಕು. ಬೇಳೆಕಾಳಿನಷ್ಟು."

"ಹುಚ್ಚು ಹಿಡೀತಾ ನಿಂಗೆ? ಮೂಲ ಮಾದರಿ ಅದು. ಅದಕ್ಕೆ ಕತ್ತರಿ ಹಾಕ್ತಾರಾ?"

"ದಕ್ಷಿಣದ ಕೆಂಪು ಪಾಚಿಗಳನ್ನೆಲ್ಲ ಒಂದು ಸಲ ಓದಿ ಜೋಡಿಸ್ತಾ ಇದೀನಿ. ಮೂಲದ್ದೇ ಇಲ್ಲ ಅಂದ್ರೆ ಲಿಸಾಂದ್ರಿ ಎಲ್ಲಿ ಕೂರುತ್ತೆ ಅಂತ ಹೇಗೆ ಹೇಳ್ಲಿ?"

"ಎಲ್ಲಿ ಕೂರುತ್ತೆ ಅಂತ ನಾನು ಆಗ್ಲೇ ಹೇಳಿ ಆಗಿದೆ. ನಿನ್ನ ಯಂತ್ರಕ್ಕೆ ಬರೋದು ನಾಲ್ಕೇ ಅಕ್ಷರ. ಅದು ನಂಗೆ ಪಾಠ ಹೇಳುತ್ತಾ?"

"ನಾಲ್ಕೇ ಅಕ್ಷರದಲ್ಲಿ ನಿಮ್ಮನ್ನೂ ಬರೆದಿದೆ ತೀಯಾ, ನಿಮ್ಮ ಕೋಪಾನೂ ಸೇರ್ಸಿ."

ಅವಳ ಬಾಯಿಗೆ ಎದುರು ಆಡಲು ನನ್ನಿಂದ ಆಗುವುದಿಲ್ಲ. ಅಪ್ಪನ ಬಾಯೇ ಅದು. ಕೊನೆಗೆ ಎಲೆಯ ಹರಿದ ಅಂಚಿನಿಂದ, ಕಣ್ಣಿಗೆ ಬೀಳದ ಕಡೆಯಿಂದ, ನಾನೇ ಒಂದು ಚೂರು ಕತ್ತರಿಸಿ ಕೊಟ್ಟೆ.

ಕೆಲವು ವಾರದ ಮೇಲೆ ಅವಳು ಮತ್ತೆ ಬಂದಳು. ಈ ಸಲ ಬಾಯಿ ಸುಮ್ಮನಿತ್ತು. ಗಣಕದ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಎರಡು ಸಾಲು ಅಕ್ಷರ, ಒಂದರ ಕೆಳಗೆ ಒಂದು. ಎಲ್ಲೂ ಒಂದಕ್ಷರ ವ್ಯತ್ಯಾಸವಿಲ್ಲ.

"ಮೇಲಿನದು ಅಪ್ಪನ ಎಲೆ," ಎಂದಳು.

"ಕೆಳಗಿನದು?"

"ನಿಮ್ಮ ಕೆಳಗಿನ ಖಾನೆಯಲ್ಲಿರೋ ಹಕ್ಕಳೆ."

ನನಗೆ ನಗು ಬಂತು. ಆ ಖಾನೆಯಲ್ಲಿರುವುದು ಬರೀ ಕಲ್ಲುಗಳು. ಗಾಯ ಒಣಗಿ ಹಕ್ಕಳೆ ಕಟ್ಟುತ್ತದಲ್ಲ, ಆ ಥರ ಬಂಡೆಗೆ ಕಚ್ಚಿಕೊಂಡಿರುವ ಒಂದು ಕಪ್ಪುಗೆಂಪು ಪಾಚಿ. ಉಗುರಿನಿಂದ ಕೆರೆದರೂ ಏಳುವುದಿಲ್ಲ. ಲಿಸಾಂದ್ರಿಯ ಎಲೆಯಾದರೋ ಬೆಳಕಿಗೆ ಹಿಡಿದರೆ ದ್ರಾಕ್ಷಾರಸದ ಬಣ್ಣ, ಆ ಬದಿಯ ನಿಮ್ಮ ಬೆರಳು ಈ ಬದಿಗೆ ಕಾಣುವಷ್ಟು ತೆಳು. ಒಂದು ರೇಷ್ಮೆ, ಇನ್ನೊಂದು ಚರ್ಮ. ಪುಸ್ತಕಗಳು ಎರಡನ್ನೂ ಬೇರೆ ಬೇರೆ ಕುಲದಲ್ಲೇ ಇಟ್ಟಿವೆ.

"ಎಲೆ ಕೂತಿದ್ದು ಹಕ್ಕಳೆ ಹತ್ತಿದ ಆ ಕಲ್ಲಿನ ಚಕ್ಕೆ ಮೇಲೆ. ಅದರ ಧೂಳು ಇದಕ್ಕೆ ಅಂಟಿದೆ, ನಿನ್ನ ಯಂತ್ರ ಅದನ್ನ ಓದಿದೆ. ಗಲೀಜು ಮಾಡ್ಕೊಂಡು ನನ್ನ ಹತ್ರ ಬಂದಿದೀಯ," ಎಂದೆ.

"ಇರಬಹುದು ತೀಯಾ. ಆದ್ರೆ ಒಂದು ಕೇಳ್ತೀನಿ. ಲಿಸಾಂದ್ರಿಯ ಮೂರನೆಯದು ಎಲ್ಲಿ?"

ಆಗ ನನ್ನ ನಗು ನಿಂತಿತು. ಕೆಂಪು ಪಾಚಿಗಳ ಸಂಸಾರ ನಮ್ಮ ಹಾಗಲ್ಲ. ಒಂದು ಗಂಡು, ಒಂದು ಹೆಣ್ಣು, ಅವುಗಳ ಕೂಟದಿಂದ ಹುಟ್ಟುವ ಮೂರನೆಯದೊಂದು. ಈ ಮೂರನೆಯದು ನಾಲ್ಕು ನಾಲ್ಕರ ಗುಂಪಾಗಿ ಬೀಜಾಣು ಕಟ್ಟುತ್ತದೆ, ಅವು ಉದುರಿ ಮತ್ತೆ ಗಂಡು ಹೆಣ್ಣುಗಳಾಗುತ್ತವೆ. ಆಮೇಲೆ ಬೇರೆ ಕೊಲ್ಲಿಗಳಲ್ಲಿ ಸಿಕ್ಕ ಲಿಸಾಂದ್ರಿಯ ಎಲೆಗಳಲ್ಲಿ ಗಂಡು ಸಿಕ್ಕಿತ್ತು, ಹೆಣ್ಣು ಸಿಕ್ಕಿತ್ತು. ನಾಲ್ಕರ ಬೀಜಾಣು ಹೊತ್ತ ಎಲೆ ಮಾತ್ರ ಎಷ್ಟು ಬೇಸಿಗೆ ಹುಡುಕಿದರೂ ಸಿಕ್ಕಿರಲಿಲ್ಲ. ಇನ್ನು ಆ ಹಕ್ಕಳೆಯಲ್ಲಿ ಯಾರು ಯಾವಾಗ ಸೀಳಿ ನೋಡಿದರೂ ಕಂಡಿದ್ದು ನಾಲ್ಕರ ಬೀಜಾಣು ಮಾತ್ರ. ಅದರ ಗಂಡು ಹೆಣ್ಣುಗಳನ್ನು ಯಾರೂ ಕಂಡಿರಲಿಲ್ಲ.

ಅಂದರೆ ಒಬ್ಬಳ ಮನೆಯಲ್ಲಿ ಮಕ್ಕಳಿಲ್ಲ, ಪಕ್ಕದ ಮನೆಯಲ್ಲಿ ತಾಯಿಯಿಲ್ಲ. ಒಂದೇ ಕಪಾಟಿನಲ್ಲಿ ಮೇಲೊಂದು ಕೆಳಗೊಂದು ಇಟ್ಟುಕೊಂಡು ನಾವು ಪಾಚಿಶಾಸ್ತ್ರದವರೆಲ್ಲ ಕೂಡಿ ಇವರು ನೆಂಟರೇ ಅಲ್ಲ ಎಂದು ಬರೆದಿದ್ದೆವು. ತಾಯಿಗೂ ಮಗಳಿಗೂ ಬೇರೆ ಬೇರೆ ಮನೆತನದ ಹೆಸರು ಕೊಡುವಂಥ ಕೆಲಸ ನಮ್ಮ ಪೈಕಿಯವರು ಮಾತ್ರ ಮಾಡಬಲ್ಲರು. ನನ್ನ ಮೈ ಜುಮ್ ಎಂದಿತು. ಹಿಂದೆಯೇ ಇನ್ನೊಂದು ಯೋಚನೆ ಬಂತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಎರಡು ಹೆಸರಿನದು ಒಂದೇ ಜೀವ ಎಂದು ಗೊತ್ತಾದರೆ ಮೊದಲು ಇಟ್ಟ ಹೆಸರು ಉಳಿಯುತ್ತದೆ, ಆಮೇಲಿನದು ಬೀಳುತ್ತದೆ. ಹಕ್ಕಳೆಗೆ ಹೆಸರಿಟ್ಟು ಶತಮಾನ ದಾಟಿದೆ. ಇಟ್ಟವನು ಸ್ವೀಡನ್ನಿನ ಒಬ್ಬ ಪಂಡಿತ. ಯಾರ ಹೆಸರು ಇಟ್ಟ ಅಂದರೆ ಹಡಗಿನ ಖರ್ಚು ಕೊಟ್ಟ ಲುಂಡ್‌ಮಾರ್ಕ್ ಎಂಬ ಬೆಂಕಿಪೊಟ್ಟಣದ ಕಾರ್ಖಾನೆಯವನದು. ಆ ಮಹಾಶಯ ಸ್ನಾನದ ನೀರು ಬಿಟ್ಟು ಬೇರೆ ನೀರಿಗೆ ಇಳಿದವನಲ್ಲ. ಈಗ ಅವನು ಉಳಿಯುತ್ತಾನೆ, ನೀರಿನಲ್ಲಿ ಸತ್ತ ಲಿಸಾಂದ್ರೊ ಅಳಿಸಿಹೋಗುತ್ತಾನೆ. ನವೆಂಬರ್ ಒಂದಕ್ಕೆ ಎದೆಲ್ಮಿರಾ ಬಂದು ಯಾರ ಹೆಸರಿನ ಮೇಲೆ ಬೆರಳಿಡಬೇಕು?

"ಅಮ್ಮನಿಗೆ ಈಗ್ಲೇ ಹೇಳೋದು ಬೇಡ," ಎಂದಳು ರಾಯೆನ್. ಅವಳ ಕಣ್ಣು ಕೆಂಪಾಗಿತ್ತು. "ಗಲೀಜೇ ಆಗಿರ್ಲಿ ಅಂತ ನಾನೂ ಬೇಡ್ಕೊಳ್ತಾ ಇದೀನಿ ತೀಯಾ. ಆದ್ರೆ ಹೊಸ ಚೂರು ತಂದು ನೋಡ್ದೆ ಹೇಗೆ ಹೇಳೋದು? ಮೂಲ ಸಿಕ್ಕಿದ ಜಾಗದಿಂದಾನೇ ತರಬೇಕು."

ಮೂಲ ಸಿಕ್ಕಿದ ಜಾಗ ಎಂದರೆ ಕುರುಡು ಕೊಲ್ಲಿ. ಅವನ ನಂತರ ಅಲ್ಲಿ ಯಾರೂ ಮುಳುಗಿರಲಿಲ್ಲ.

ಜನವರಿಯಲ್ಲಿ, ನಮ್ಮ ಕಡೆಯ ಬೇಸಿಗೆಗೆ, ಹೊರಟೆವು. ಎದೆಲ್ಮಿರಾ ಮಗಳಿಗೆ ಉಣ್ಣೆಯ ಕಾಲುಚೀಲ ಹೆಣೆದು ತಂದಿದ್ದಳು. ಯಾವ ಕೊಲ್ಲಿ ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವಳಿಗೆ ಹೇಗೋ ಗೊತ್ತಾಗಿತ್ತು.

"ಅಲ್ಲಿಗೆ ಹೋದ್ರೆ ನಿಮ್ಮಪ್ಪಂಗೆ ಹೇಳು, ಛಾವಣಿ ರಿಪೇರಿ ಮಾಡ್ಸಿದೀನಿ, ಇನ್ನು ಬೈಯಲ್ಲ ಅಂತ," ಎಂದಳು. ಆಮೇಲೆ ನನ್ನ ತೋಳು ಹಿಡಿದು, "ನೀವು ದೋಣಿ ಬಿಟ್ಟು ಅಲ್ಲಾಡಬಾರ್ದು, ತಿಳೀತಾ?" ಎಂದು ಗದರಿದಳು.

ನಾನು ಅಲ್ಲಾಡಲಿಲ್ಲ. ಅವತ್ತಿನ ಹಾಗೆಯೇ ರಬ್ಬರ್ ದೋಣಿಯಲ್ಲಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತೆ. ಗಾಳಿ ಬಿದ್ದುಹೋಗಿತ್ತು. ನೀರು ಕಪ್ಪು ಗಾಜು. ಮುಳುಗುವವರ ಮುಖ್ಯಸ್ಥ ಚಿರತೆ ಸೀಲ್ ಏನಾದರೂ ಸುಳಿದಾಡುತ್ತಿದೆಯೇ ಎಂದು ಬಹಳ ಹೊತ್ತು ನೋಡಿ, ಆಮೇಲೆ ರಾಯೆನ್‌ಳ ಹಗ್ಗ ಕೈಗೆ ಸುತ್ತಿಕೊಂಡ. ಅವಳು ಹಿಂದಕ್ಕೆ ಒರಗಿ ನೀರಿಗೆ ಬಿದ್ದಳು. ಗುಳ್ಳೆಗಳು ಎದ್ದವು, ಅಷ್ಟೇ.

ಎಷ್ಟು ಹೊತ್ತಾಯಿತೋ ತಿಳಿಯದು. ಹಗ್ಗ ಜಗ್ಗಿತು, ಮತ್ತೆ ಜಗ್ಗಿತು. ಅದು 'ಚೆನ್ನಾಗಿದ್ದೇನೆ' ಎಂಬ ಸನ್ನೆ. ನನಗೆ ಪ್ರಾರ್ಥನೆ ಮಾಡುವ ಅಭ್ಯಾಸವಿಲ್ಲ. ಆದರೂ ಆ ತಟ್ಟೆಯನ್ನು ಹಿಡಿದಿದ್ದ ರೀತಿ ನೋಡಿದ್ದರೆ ಯಾರಾದರೂ ಪ್ರಾರ್ಥನೆ ಎಂದೇ ಅಂದುಕೊಳ್ಳುತ್ತಿದ್ದರು.

ಅವಳು ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಒಂದು ಡಬ್ಬಿಯಲ್ಲಿ ಹಕ್ಕಳೆಯ ಚೂರು, ಇನ್ನೊಂದರಲ್ಲಿ ಎಲೆಗಳು, ಚೀಲದಲ್ಲಿ ಏನೋ ಬಿಳಿಯ ಮುದ್ದೆ. ಎಲ್ಲ ಕೊಟ್ಟು ದೋಣಿಯ ಅಂಚಿಗೆ ಗಲ್ಲ ಊರಿ ಹಾಗೆಯೇ ನೀರಿನಲ್ಲಿ ನಿಂತಳು.

"ತೀಯಾ, ಕಂಡೆ," ಎಂದಳು.

"ಏನು ಕಂಡೆ? ಏನೇ?"

"ಅಪ್ಪನ ಕೈ."

ಅವಳನ್ನು ದೋಣಿಗೆ ಎಳೆದುಕೊಂಡೆವು. ನೆಲೆಗೆ ವಾಪಸಾಗಿ ಬಿಸಿ ಸಾರು ಕುಡಿಸಿದ ಮೇಲೆ ಅವಳು ತೆಗೆದ ಚಿತ್ರಗಳನ್ನು ತೋರಿಸಿದಳು.

ಮನೆಯಷ್ಟು ದೊಡ್ಡ ಬಂಡೆ. ಮೇಲಿಂದ ಕೆಳಗಿನವರೆಗೆ ಎಲ್ಲೂ ಕಲ್ಲು ಕಾಣದ ಹಾಗೆ ಅದನ್ನು ಹಕ್ಕಳೆ ಹೊದ್ದುಕೊಂಡಿತ್ತು. ವರ್ಷದ ಅರ್ಧ ಕತ್ತಲು, ಮೇಲೆ ಹಿಮದ ಚಪ್ಪಡಿ, ನೀರು ಹೆಪ್ಪುಗಟ್ಟುವುದಕ್ಕೆ ಕೂದಲೆಳೆಯಷ್ಟು ಬಾಕಿ. ಅಲ್ಲಿ ಅದು ಒಂದೇ ಒಂದು ಜೀವವಾಗಿ ಹಬ್ಬಿ ಕೂತಿದೆ. ಅದರ ಮೇಲೆ ಅಲ್ಲಲ್ಲಿ ಲಿಸಾಂದ್ರಿಯ ಎಲೆಗಳು ನಿಂತಿವೆ, ಅವಳ ದೀಪದ ಬೆಳಕು ಅವುಗಳನ್ನು ತೂರಿಕೊಂಡು ಕೆಂಪಗೆ ಬರುತ್ತಿದೆ. ಬಂಡೆಯ ನಡುವೆ ಅಂಗೈಯಗಲದ ಒಂದು ಬೋಳು ಗಾಯ. ಉಳಿ ಬಿದ್ದ ಗಾಯ.

ಲಿಸಾಂದ್ರೊ ಉಳಿಯನ್ನು ಲಾರಿಯ ಕಮಾನು ಪಟ್ಟಿಯಿಂದ ತಾನೇ ಮಾಡಿಕೊಂಡಿದ್ದ. ಅದರ ಬಾಯಿ ಒಂದು ಕಡೆ ಮುಕ್ಕಾಗಿತ್ತು. ಅದಕ್ಕೇ ಅವನು ಎಲ್ಲಿ ಕೆತ್ತಿದರೂ ಗಾಯದ ನಡುವೆ ಒಂದು ಸಣ್ಣ ಗೆರೆ ಉಬ್ಬಿ ಉಳಿಯುತ್ತಿತ್ತು. ಬೇರೆಯವರು ತಂದ ಕಲ್ಲುಗಳ ರಾಶಿಯಲ್ಲಿ ಅವನದನ್ನು ನಾನು ಹಾಗೇ ಗುರುತು ಹಿಡಿಯುತ್ತಿದ್ದೆ. ಚಿತ್ರದಲ್ಲಿ ಆ ಗೆರೆ ನೆಟ್ಟಗೆ ಕಾಣುತ್ತಿತ್ತು. ನಿನ್ನೆ ಕೆತ್ತಿದ ಹಾಗಿತ್ತು.

"ಮುಚ್ಚಿಕೊಂಡಿಲ್ಲ ನೋಡಿ," ಎಂದಳು ರಾಯೆನ್. "ನಾನು ಹುಟ್ಟಿ ಇಷ್ಟು ದೊಡ್ಡವಳಾದೆ. ಅದು ಸುತ್ತ ಅಕ್ಕಿಕಾಳಿನಷ್ಟು ಮಾತ್ರ ಬೆಳೆದಿದೆ."

ಗಾಯದ ಅಂಚಿನಲ್ಲಿ ಹೊಸ ಹಕ್ಕಳೆಯ ತೆಳು ಪಟ್ಟಿಯೊಂದು ತಿಳಿಗೆಂಪಾಗಿ ಹೊರಟಿತ್ತು. ನಾನು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಅಷ್ಟು ನಿಧಾನದ ಜೀವ ಮನೆಯಷ್ಟು ಬಂಡೆಯನ್ನು ಹೊದೆಯಬೇಕಾದರೆ ಯಾವಾಗ ಶುರು ಮಾಡಿರಬೇಕು? ನಮ್ಮ ಊರಿಲ್ಲ, ನಮ್ಮ ದೇಶವಿಲ್ಲ, ಆ ಖಂಡ ಇದೆಯೆಂದೇ ಯಾರಿಗೂ ತಿಳಿಯದ ಕಾಲದಲ್ಲಿ ಒಂದು ಬೀಜಾಣು ಬಂದು ಕೂತಿರಬೇಕು. ನಾನು ಜೀವನವಿಡೀ ಅದರ ಚೂರುಗಳನ್ನು ಡಬ್ಬಿಯಲ್ಲಿಟ್ಟು ಖಾನೆಗೆ ತಳ್ಳಿದ್ದೆ. ಅವತ್ತು ಸಾರಿನ ಬಟ್ಟಲು ಹಿಡಿದುಕೊಂಡೇ ಕೂತಿದ್ದೆ, ತಣ್ಣಗಾದದ್ದು ತಿಳಿಯಲಿಲ್ಲ.

ಚೀಲದಲ್ಲಿದ್ದ ಬಿಳಿ ಮುದ್ದೆ ಹಲ್ಲಿನ ಡಾಕ್ಟರು ಅಚ್ಚು ತೆಗೆಯುವಂಥದ್ದು. ಗಾಯದೊಳಗೆ ಒತ್ತಿ ಅದರ ಅಚ್ಚು ತಂದಿದ್ದಳು. ಊರಿಗೆ ಮರಳಿ ಅದರಿಂದ ಗಾರೆಯಲ್ಲಿ ಆ ಗಾಯವನ್ನೇ ಎರಕ ಹೊಯ್ದಳು. ನಾನು ಕೆಂಪಂಚಿನ ರಟ್ಟಿನಿಂದ ಕಲ್ಲಿನ ಚಕ್ಕೆ ತೆಗೆದು ಅದರಲ್ಲಿ ಇಟ್ಟೆ. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು. ಅದೇ ಬಂಡೆ, ಅದೇ ಜಾಗ, ಅದೇ ಹಕ್ಕಳೆ. ಸಂಶಯಕ್ಕೆ ಎಡೆಯಿರಲಿಲ್ಲ.

ಹೊಸ ಚೂರುಗಳನ್ನು ಅವಳು ತೊಳೆದು, ಮತ್ತೆ ತೊಳೆದು, ಎಲೆಯ ನಡುಭಾಗ ಬೇರೆ, ಹಕ್ಕಳೆ ಬೇರೆ ಮಾಡಿ ಓದಿದಳು. ಮತ್ತೆ ಅಕ್ಷರಕ್ಕೆ ಅಕ್ಷರ ಒಂದೇ. ಸ್ವೀಡನ್ನಿನ ಸಂಗ್ರಹಾಲಯದವರು ಬೆಂಕಿಪೊಟ್ಟಣದವನ ಮೂಲ ಹಕ್ಕಳೆಯಿಂದ ಒಂದು ಪುಡಿ ಕಳಿಸಿಕೊಟ್ಟರು. ಅದೂ ಒಂದೇ. ಆದರೂ ನಾನು ಬಗ್ಗಲಿಲ್ಲ. ಅಕ್ಷರ ಸಾಕಾಗುವುದಿಲ್ಲ, ಕಣ್ಣಿಗೆ ಕಾಣಬೇಕು ಎಂದೆ.

"ಕಾಣಿಸ್ತೀನಿ," ಎಂದಳು.

ಹಕ್ಕಳೆಯ ತುಣುಕನ್ನು ತಣ್ಣನೆಯ ಕೋಣೆಯಲ್ಲಿ ಗಾಜಿನ ತಟ್ಟೆಯ ನೀರಿಗೆ ಹಾಕಿದಳು. ಕೆಂಪು ಧೂಳಿನಂಥ ಬೀಜಾಣುಗಳು ಉದುರಿದವು. ತಟ್ಟೆಗಳಿಗೆ ಕಪ್ಪು ಬಟ್ಟೆ ಹೊದಿಸಿ ಧ್ರುವದ ಚಳಿಗಾಲ ಮಾಡಿದಳು. ಹೊರಗೆ ನಮ್ಮ ಊರಿನ ಚಳಿಗಾಲವೂ ಬಂದು ಹೋಯಿತು. ಆಮೇಲೆ ಅಲ್ಲಿ ಹೇಗೆ ಬರುತ್ತದೋ ಹಾಗೆ ಸ್ವಲ್ಪ ಸ್ವಲ್ಪವೇ ಬೆಳಕು ಬಿಟ್ಟಳು. ನಾನು ದಿನಾ ಬೆಳಿಗ್ಗೆ ಬಂದು ಕೋಟು ಕೂಡ ಬಿಚ್ಚದೆ ಮೊದಲು ಆ ಕೋಣೆಗೆ ಹೋಗುತ್ತಿದ್ದೆ. ಅವಳಿಗೆ ಮಾತ್ರ ಹಾಗೆ ತೋರಿಸಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಟ್ಟೆಯ ತಳದಲ್ಲಿ ಚುಕ್ಕೆಗಳಿದ್ದವು. ಇನ್ನು ಕೆಲವು ದಿನಕ್ಕೆ ಆ ಚುಕ್ಕೆಗಳಿಂದ ನಾಲಗೆಯ ಹಾಗೆ ಏನೋ ಎದ್ದಿತು. ಎಲೆ. ಹಕ್ಕಳೆಯಿಂದ ಉದುರಿದ್ದು ಎಲೆಯಾಗಿ ಎದ್ದು ನಿಂತಿತ್ತು. ಅದು ಉಗುರಿನಷ್ಟು ಆದಾಗ ಒಂದನ್ನು ತೆಗೆದು ಬ್ಲೇಡಿನಿಂದ ಸೀಳಿ, ನೀಲಿ ಬಣ್ಣದಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ಇಟ್ಟೆ. ನಡುವೆ ದೊಡ್ಡ ಕೋಶಗಳು, ಹೊರಗೆ ಸಣ್ಣವು, ಅಂಚಿನಲ್ಲಿ ಸಾಲುಮಣಿ. ನಾನು ವರ್ಣಿಸಿದ್ದ ಎಲೆಯೇ, ಗೆರೆ ತಪ್ಪಿರಲಿಲ್ಲ. ಅವಳ ನಾಲ್ಕಕ್ಷರ ಹೇಳಿದ್ದನ್ನೇ ನನ್ನ ಬ್ಲೇಡೂ ಹೇಳಿತು. ನಾನು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದೆ, ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಇಷ್ಟು ವಯಸ್ಸಾದ ಮೇಲೆ ಇಂಥದ್ದನ್ನು ನೋಡುವ ಭಾಗ್ಯ ಯಾರಿಗೆ ಉಂಟು! ಅದೇ ಹೊತ್ತಿಗೆ ಎದೆಲ್ಮಿರಾಳ ಎರಡು ಬೆರಳು ನೆನಪಾಯಿತು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ರಾಯೆನ್‌ಳನ್ನು ಕೂರಿಸಿಕೊಂಡು ಹೇಳಿದೆ.

"ಇದನ್ನ ಈಗ್ಲೇ ಪ್ರಕಟಿಸ್ಬೇಕು ಅಂತೇನಿಲ್ಲ. ನಿಮ್ಮಮ್ಮ ಇರೋವರೆಗೆ ಸುಮ್ನಿರು. ಪಾಚಿ ಎಲ್ಲೂ ಓಡಿಹೋಗಲ್ಲ."

ಅವಳು ರೊಟ್ಟಿ ಕೆಳಗಿಟ್ಟಳು. "ಅಪ್ಪನ ಹೆಸರು ಉಳಿಸೋಕೆ ಅಪ್ಪ ತಂದಿದ್ದನ್ನೇ ಸುಳ್ಳು ಮಾಡ್ಲಾ ತೀಯಾ?"

"ಸುಳ್ಳು ಅಲ್ಲ ಕಣೇ. ತಡ."

"ಅವರು ನಿಮಗೆ ಏನಂದಿದ್ರು? ಮನೆಮಂದಿಯೆಲ್ಲ ಕೆಳಗಿದಾರೆ, ಕರ್ಕೊಂಡು ಬರ್ತೀನಿ ಅಂದಿದ್ರಲ್ವಾ. ಬಂದಾಯ್ತು. ಈಗ ಬಾಗಿಲು ಹಾಕೋದಾ?"

ಅವಳ ಮೇಲೆ ಕೋಪ ಬಂತು, ಹೆಮ್ಮೆಯೂ ಬಂತು. ರೊಟ್ಟಿಯ ಉಳಿದರ್ಧ ನಾನೇ ತಿಂದೆ.

ನವೆಂಬರ್ ಒಂದು. ಎದೆಲ್ಮಿರಾ ಒಳ್ಳೆಯ ಕೋಟು ಹಾಕಿಕೊಂಡು ಬಂದಳು. ಮಗಳೂ ಅಲ್ಲೇ ಇರುವುದನ್ನು ನೋಡಿ ನಿಂತಳು.

"ಏನಿದು, ಇಬ್ರೂ ಸಾವಿನ ಮನೇಲಿ ನಿಂತ ಹಾಗೆ ನಿಂತಿದೀರಿ?"

ರಾಯೆನ್ ಎಲ್ಲವನ್ನೂ ಹೇಳಿದಳು. ಎಲೆಯೂ ಹಕ್ಕಳೆಯೂ ಒಂದೇ ಎಂಬುದು, ಹಳೆಯ ಹೆಸರು ನಿಲ್ಲುತ್ತದೆ ಎಂಬುದು, ಇನ್ನು ಮುಂದೆ ಪುಸ್ತಕಗಳಲ್ಲಿ ಅಪ್ಪನ ಹೆಸರು ಇರುವುದಿಲ್ಲ ಎಂಬುದು. ಎಲ್ಲೂ ತಡವರಿಸಲಿಲ್ಲ. ಎದೆಲ್ಮಿರಾ ಕುರ್ಚಿಯಲ್ಲಿ ಕೂತು ಕೋಟಿನ ಗುಂಡಿಯೊಂದನ್ನು ತಿರುವುತ್ತಾ ಇದ್ದಳು.

"ಯಾರು ಅಂದ್ರಿ ಅವನು? ಬೆಂಕಿಪೊಟ್ಟಣದವನಾ?"

"ಹೂಂ," ಎಂದೆ.

"ಹಾಗಾದ್ರೆ ಈ ಹಾಳೆ ಬಿಸಾಕ್ತೀರಾ?"

"ಬಿಸಾಕೋದಾ! ಯಾರಾದ್ರೂ ಮುಟ್ಲಿ ನೋಡೋಣ. ನಮ್ಮಲ್ಲಿ ಹಳೇ ಚೀಟಿ ಕೀಳೋ ಹಾಗೇ ಇಲ್ಲ ಎದೆಲ್ಮಿರಾ. ಅದು ಇದ್ದ ಹಾಗೇ ಇರುತ್ತೆ. ಅದರ ಕೆಳಗೆ ಹೊಸದನ್ನ ಅಂಟಿಸ್ತೀವಿ, ಅಷ್ಟೇ."

"ಅಂದ್ರೆ ಆ ಸಾಹುಕಾರ ನನ್ನ ಗಂಡನ ಕೆಳಗೆ ಮಲಗ್ತಾನೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ನಗಲಿಲ್ಲ. "ಆದ್ರೂ ಹೋಯ್ತು ತಾನೇ," ಎಂದಳು. "ನಂಗಿದ್ದಿದ್ದು ಅದೊಂದೇ ಆಗಿತ್ತು."

ಆಗ ರಾಯೆನ್ ಗಾರೆಯ ಎರಕವನ್ನು ತಂದು ಅಮ್ಮನ ತೊಡೆಯ ಮೇಲಿಟ್ಟಳು. "ಇದನ್ನ ಅಲ್ಲಿಂದ ತಂದೆ ಅಮ್ಮಾ. ಆ ಎಲೆ ಕಿತ್ತ ಜಾಗ ಇದು. ಕಲ್ಲಲ್ಲಿ ಹೇಗಿದೆಯೋ ಹಾಗೇ."

ಎದೆಲ್ಮಿರಾ ಅದನ್ನು ಕಣ್ಣಿಂದ ನೋಡಿದಳು. ಆಮೇಲೆ ಎರಡು ಬೆರಳು ಗಾಯದೊಳಗೆ ಇಳಿದವು. ಉಬ್ಬಿದ ಗೆರೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

"ನನ್ನ ಒಲೆ," ಎಂದಳು.

"ಏನು?"

"ನನ್ನ ಒಲೆ ಮುಚ್ಚಳ ಕಚ್ಕೊಂಡಿತ್ತು. ಬೇಡ ಕಣೋ, ಉಳಿ ಹಾಳಾಗುತ್ತೆ ಅಂದೆ. ಕೇಳಲಿಲ್ಲ. ಅದನ್ನೇ ಹಾಕಿ ಮೀಟಿದ, ಟಣ್ ಅಂತ ಬಾಯಿ ಮುಕ್ಕಾಯ್ತು. ಇಡೀ ದಿನ ಜಗಳ ಆಡಿದ್ವಿ." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. "ಆ ಮುಕ್ಕು ಇದು. ಅವನದೇ."

ಕಿಟಕಿಗೆ ಗಾಳಿ ಬಡಿಯುತ್ತಿತ್ತು.

"ಅಲ್ಲಿ ಕಲ್ಲಲ್ಲಿ ಇದು ಈಗಲೂ ಇದೆಯಾ?" ಎಂದು ಕೇಳಿದಳು.

"ಇದೆ ಅಮ್ಮಾ."

"ಯಾವಾಗ ಮುಚ್ಚುತ್ತೆ?"

ರಾಯೆನ್ ನನ್ನ ಮುಖ ನೋಡಿದಳು. ಹೇಳು ಎಂದು ತಲೆಯಾಡಿಸಿದೆ.

"ನಾನಿರಲ್ಲ. ನನ್ನ ಮೊಮ್ಮಕ್ಕಳೂ ಇರಲ್ಲ. ಅದು ಬೆಳೆಯೋ ಥರ ನೋಡಿದ್ರೆ ಅದಕ್ಕೂ ಎಷ್ಟೋ ಆಚೆ."

"ಸ್ಮಶಾನದ ಕಲ್ಲುಗಳು ಅಷ್ಟು ಬಾಳಲ್ಲ," ಎಂದಳು ಎದೆಲ್ಮಿರಾ, ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದಳು. "ಹೆಸರು ಯಾರದ್ದು ಬೇಕಾದ್ರೂ ಹಾಕ್ಕೊಳ್ಳಿ. ಅವನು ಅಲ್ಲಿ ಕಲ್ಲಲ್ಲಿ ಬರೆದಾಗಿದೆ. ಎಲ್ಲಿ, ಆ ಚೀಟಿ ತನ್ನಿ. ನನ್ನ ಎದುರಿಗೇ ಅಂಟಿಸಿ."

ಚೀಟಿ ಬರೆದಿಟ್ಟಿದ್ದೆ, ಅಂಟಿಸಲು ಧೈರ್ಯ ಬಂದಿರಲಿಲ್ಲ. ಈಗ ಹಿಂದೆ ಗೋಂದು ಹಚ್ಚಿ ಲಿಸಾಂದ್ರೊನ ಹೆಸರಿನ ಕೆಳಗೆ ಇಟ್ಟೆ. ಅದು ಸ್ವಲ್ಪ ಓರೆಯಾಯಿತು. ಎದೆಲ್ಮಿರಾ ಒಂದು ಕೈಯಿಂದ ಅದನ್ನು ನೆಟ್ಟಗೆ ಮಾಡಿ, ಒಣಗುವವರೆಗೆ ಒತ್ತಿ ಹಿಡಿದುಕೊಂಡಳು. ಇನ್ನೊಂದು ಕೈಯ ಬೆರಳನ್ನು ಮಾತ್ರ ಆ ಗಾಯದಿಂದ ತೆಗೆಯಲೇ ಇಲ್ಲ.